ಹೆಬ್ಬೆಟ್ಟು ಒತ್ತದವರ ಚರಿತ್ರೆ

ನನ್ನ ಗಂಡನ ಮುತ್ತಾತ ಉತ್ತರ ಆರ್ಕಾಟಿನಿಂದ ಕೋಲಾರದ ಚಿನ್ನದ ಗಣಿಗೆ ಕೂಲಿಗೆ ಹೋದವರು. ಅವರ ಜಾಡು ಹಿಡಿದು ನಾವಿಬ್ಬರೂ ಚೆನ್ನೈಯಿಂದ ಕಾಟ್ಪಾಡಿ, ಬಂಗಾರಪೇಟೆ ಮಾರ್ಗವಾಗಿ ಕೆಜಿಎಫ್ ತಲುಪಿದೆವು.

1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಶುರುಮಾಡಿತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು. ಬಿಳಿಯರ ಸಮಾಧಿಗಳ ಮೇಲೆ ಹೆಸರು, ತಾರೀಕುಗಳಿವೆ. ಮುತ್ತಾತನ ಹೆಸರು ನಮಗೆ ಎಲ್ಲೂ ಸಿಗಲಿಲ್ಲ.

1930ರಲ್ಲಿ ಕಾರ್ಮಿಕರ ಬೆರಳಚ್ಚು ಪಡೆದು ನೋಂದಾಯಿಸಲು ಕಂಪನಿ ಹೊರಟಾಗ, ಅವರು ಮುಷ್ಕರ ಹೂಡಿದರು. ಇಂದು ನಾವು ಹುಡುಕುವ ದಾಖಲೆ ಅಂದು ಅವರ ಪಾಲಿಗೆ ಕಾವಲಾಗಿತ್ತು. ಕಡತದಲ್ಲಿ ಕಾಣದಿರುವುದೂ ಕೆಲವರ ಹೋರಾಟವೇ.

2001ರಲ್ಲಿ ಗಣಿ ಮುಚ್ಚಿತು. ಲೈನ್ ಮನೆಗಳಲ್ಲಿ ಹಿರಿಯರು ಇನ್ನೂ ಇದ್ದಾರೆ. ಉಳಿದ ಚರಿತ್ರೆಯನ್ನು ಅವರ ತಮಿಳು ಬೆರೆತ ಮಾತಿನಲ್ಲೇ, ಈಗಲೇ ಬರೆದುಕೊಳ್ಳಬೇಕು.