ಮೃಗಶಿರದ ಹೊಸ ವರ್ಷ: ಥಾಣೆ–ಕಲ್ಯಾಣದ ಮಳೆ, ಸೆಕೆ ಮತ್ತು ನಮ್ಮ ಮರೆವು

ನಾನು ಕಲಬುರಗಿಯವನು. ಮೇ ತಿಂಗಳಲ್ಲಿ 42 ಡಿಗ್ರಿ ನಮಗೆ ಹೊಸದಲ್ಲ. ತಲೆಗೊಂದು ದಸ್ತಿ ಸುತ್ತಿಕೊಂಡು ಬೇವಿನ ಗಿಡದ ನೆರಳು ಸಿಕ್ಕರೆ ಸಾಕು, ಜೀವ ತಣ್ಣಗಾಗುತ್ತೆ. ಆದರೆ ಥಾಣೆ ಪಕ್ಕದ ಮುಂಬ್ರಾದಲ್ಲಿರುವ ಚಾಚಾ ಮನೆಗೆ ಬೇಸಿಗೆ ರಜೆಯಲ್ಲಿ ಹೋದಾಗಲೆಲ್ಲ ನನ್ನ ಲೆಕ್ಕ ತಪ್ಪುತ್ತೆ. ಮೊಬೈಲಿನಲ್ಲಿ 35 ಡಿಗ್ರಿ ಅಂತ ತೋರಿಸುತ್ತೆ, ಮೈಮೇಲಿನ ಅಂಗಿ ಮಾತ್ರ ಹಿಂಡುವ ಹಾಗಿರುತ್ತೆ. ನೆರಳಲ್ಲಿ ಕೂತರೂ ಉಸಿರು ಕಟ್ಟುತ್ತೆ. ಚಾಚಿ ನಗುತ್ತಾ ಹೇಳ್ತಾರೆ: "ಯೇ ಧೂಪ್ ನೈ ಬೇಟಾ, ಉಮಸ್ ಹೈ." ಇದು ಬಿಸಿಲಲ್ಲ ಮಗಾ, ಉಮಸ್.

ಉಮಸ್ ಅಂದರೆ ಗಾಳಿಯಾಡದ, ನೀರು ತುಂಬಿದ ಸೆಕೆ. ಮೈ ಬೆವರುವುದು ತಣ್ಣಗಾಗಲಿಕ್ಕೆ. ಬೆವರು ಆರಿದಾಗ ಮೈಯ ಕಾವನ್ನು ಹೊತ್ತುಕೊಂಡು ಹೋಗುತ್ತೆ. ಕಲಬುರಗಿಯ ಒಣ ಗಾಳಿಯಲ್ಲಿ ಅದು ಬೇಗ ಆರುತ್ತೆ. ಕಡಲ ಪಕ್ಕದ ಗಾಳಿ ಆಗಲೇ ತೇವ ಕುಡಿದು ತುಂಬಿಕೊಂಡಿರುತ್ತೆ, ಅಲ್ಲಿ ಬೆವರು ಸುರಿಯುತ್ತೆಯೇ ಹೊರತು ಆರುವುದಿಲ್ಲ. ಅದಕ್ಕೇ ಹವಾಮಾನ ಇಲಾಖೆ ಉಷ್ಣ ಅಲೆಯ ಅಳತೆಯನ್ನು ಎಲ್ಲ ಕಡೆ ಒಂದೇ ಇಟ್ಟಿಲ್ಲ. ಬಯಲು ನಾಡಿನಲ್ಲಿ ಕನಿಷ್ಠ 40 ಡಿಗ್ರಿ ಆಗಬೇಕು, ಕರಾವಳಿಯಲ್ಲಿ 37 ಸಾಕು.

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬೈ ಈ ನಾಲ್ಕೂ ಊರುಗಳ ಸ್ಥಿತಿ ಒಂದೇ. ಪಡುವಣಕ್ಕೆ ಅರಬ್ಬೀ ಸಮುದ್ರ, ಮೂಡಣಕ್ಕೆ ಸಹ್ಯಾದ್ರಿ, ನಡುವೆ ಉಲ್ಹಾಸ್ ನದಿ ಮತ್ತು ಖಾಡಿಗಳು. ಖಾಡಿ ಅಂದರೆ ಸಮುದ್ರದ ನೀರು ಭರತದಲ್ಲಿ ಒಳಗೆ ಬಂದು ಇಳಿತದಲ್ಲಿ ಹೊರಗೆ ಹೋಗುವ ದಾರಿ. ಜೂನಿನಲ್ಲಿ ನೈಋತ್ಯದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರಿ ಮಳೆಯಾಗಿ ಇಳಿಯುತ್ತೆ. ಥಾಣೆಯ ಕಡೆ ವರ್ಷಕ್ಕೆ 2,500 ಮಿ.ಮೀ. ಆಸುಪಾಸು ಮಳೆ, ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಬೆಟ್ಟ ದಾಟಿ ನಮ್ಮ ಕಡೆ ಬರುವಷ್ಟರಲ್ಲಿ ಅದೇ ಮೋಡ ಬಡವಾಗಿರುತ್ತೆ. ಕಲಬುರಗಿಗೆ ಸಿಗೋದು ಸುಮಾರು 800 ಮಿ.ಮೀ.

ಈ ಊರುಗಳನ್ನು ಬೆಳೆಸಿದ್ದೂ ಇದೇ ಗಾಳಿ. 'ಮಾನ್ಸೂನ್' ಎಂಬ ಪದ ಅರಬ್ಬಿಯ 'ಮೌಸಿಮ್'ನಿಂದ ಪೋರ್ಚುಗೀಸರ ಬಾಯಿಗೆ ಹೋಗಿ ಇಂಗ್ಲಿಷಿಗೆ ಬಂದದ್ದು. ಉರ್ದುವಿನ 'ಮೌಸಮ್' ಕೂಡ ಅದೇ. ಮೌಸಿಮ್ ಅಂದರೆ ಗೊತ್ತುಪಡಿಸಿದ ಹೊತ್ತು. ಹಜ್ಜಿನ ದಿನಗಳಿಗೂ ಅರಬರು ಅದೇ ಪದ ಬಳಸುತ್ತಾರೆ. ಹಡಗಿನವನಿಗೆ ಗಾಳಿ ಯಾವಾಗ ಭಾರತದ ಕಡೆ ಬೀಸುತ್ತೆ, ಯಾವಾಗ ತಿರುಗುತ್ತೆ ಅನ್ನೋದೇ ಅನ್ನದ ಪ್ರಶ್ನೆ. ಕ್ರಿ.ಶ. ಒಂದನೇ ಶತಮಾನದ ಗ್ರೀಕ್ ನಾವಿಕ ಕೈಪಿಡಿ 'ಪೆರಿಪ್ಲಸ್' ಕಲ್ಯಾಣವನ್ನು 'ಕಲ್ಲಿಯೆನಾ' ಎಂದು ಹೆಸರಿಸುತ್ತೆ. ಅಲ್ಲಿನ ವರ್ತಕರು ಕೊಟ್ಟ ದಾನಗಳ ಮಾತು ಕಾನ್ಹೇರಿ ಗುಹೆಯ ಶಾಸನಗಳಲ್ಲಿದೆ. 1030ರ ಸುಮಾರಿಗೆ ಬರೆದ ಅಲ್-ಬಿರೂನಿ ಥಾಣೆಯನ್ನು ಕೊಂಕಣದ ರಾಜಧಾನಿ ಅಂತ ದಾಖಲಿಸಿದ. ಬೇಸಿಗೆಯ ಕೊನೆಗೆ ಬರುವ ನಮ್ಮ ಮಳೆಗೆ ಇಲ್ಲಿಯ ಜನ 'ವರ್ಷಾಕಾಲ' ಅನ್ನುತ್ತಾರೆ ಅಂತಲೂ ಬರೆದ. ಪರದೇಶದವನಾದರೂ ಮಳೆಯ ಹೆಸರನ್ನು ಇಲ್ಲಿಯವರ ಬಾಯಿಂದಲೇ ಕೇಳಿ ಬರೆದುಕೊಂಡ, ಇದು ಗಮನಿಸಬೇಕಾದ ಮಾತು.

ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಲೇಬೇಕಾದ ಇನ್ನೊಂದು ಸಂಗತಿ ಇದೆ. 1636ರ ಒಪ್ಪಂದದ ನಂತರ ಕಲ್ಯಾಣದ ಸೀಮೆ ವಿಜಯಪುರದ ಆದಿಲ್‌ಶಾಹಿಗೆ ಸೇರಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಸರದಾರ ಮುಲ್ಲಾ ಅಹ್ಮದ್, ನವಾಯತ ಸಮುದಾಯದವನು. 1657ರಲ್ಲಿ ಶಿವಾಜಿ ಅದನ್ನು ವಶಪಡಿಸಿಕೊಂಡರು. ಮಳೆ ಕಡಿಮೆಯಿರುವ ವಿಜಯಪುರದಲ್ಲಿ ಕೂತು, ಮಳೆಯಲ್ಲಿ ಮುಳುಗೇಳುವ ಕಲ್ಯಾಣದ ಕಂದಾಯ ಲೆಕ್ಕ ಹಾಕಬೇಕು. ಹಿಜರಿ ವರ್ಷವೋ ಸುಮಾರು 354 ದಿನದ್ದು. ಪ್ರತಿ ವರ್ಷ 11 ದಿನ ಹಿಂದೆ ಸರಿಯುತ್ತೆ. ಅದಕ್ಕೇ ರಮಝಾನ್ ಒಮ್ಮೆ ಚಳಿಯಲ್ಲಿ, ಒಮ್ಮೆ ಬಿಸಿಲಲ್ಲಿ ಬರೋದು. ಇಬಾದತ್ತಿಗೆ ಅದು ಸರಿ, ಆದರೆ ಬತ್ತದ ಗದ್ದೆ ಚಂದ್ರನನ್ನು ನೋಡಿ ಬೆಳೆಯುವುದಿಲ್ಲವಲ್ಲ!

ಹಾಗಾದರೆ ಆ ಕಾಲದವರು ಏನು ಮಾಡಿದರು? ದಖನ್ನಿನ ಸುಲ್ತಾನರ ಕಚೇರಿಗಳಲ್ಲಿ 'ಶುಹೂರ್ ಸನ್' ಎಂಬ ಬೇರೆ ವರ್ಷ ನಡೆಯುತ್ತಿತ್ತು. ಹಿಜರಿ 745ರಲ್ಲಿ, ಅಂದರೆ 1344ರಲ್ಲಿ, ತುಘಲಕ್ ಆಳ್ವಿಕೆಯಲ್ಲಿ ಇದು ಶುರುವಾಯಿತು ಅಂತ ಇತಿಹಾಸಕಾರರು ಲೆಕ್ಕ ಹಾಕಿದ್ದಾರೆ. ಅಂಕಿ ಅರಬ್ಬಿಯದು, ತಿಂಗಳ ಹೆಸರು ಹಿಜರಿಯದು. ಹೊಸ ವರ್ಷ ಮಾತ್ರ ಸೂರ್ಯ ಮೃಗಶಿರ ನಕ್ಷತ್ರಕ್ಕೆ ಬಂದ ದಿನ! ರೈತ ಕೂರಿಗೆ ತೆಗೆಯುವ ಅದೇ ಮಿರಗ. ಮರಾಠಿಗರು ಇದನ್ನು 'ಮೃಗ ಸಾಲ' ಅಂದರು. ಶಿವಾಜಿಯ ಪತ್ರಗಳಲ್ಲೂ ಪೇಶ್ವೆಗಳ ದಫ್ತರದಲ್ಲೂ ಇದೇ ನಡೆಯಿತು. ಸುಲ್ತಾನನೂ ಸರಿ, ಛತ್ರಪತಿಯೂ ಸರಿ, ಲೆಕ್ಕದ ಪುಸ್ತಕದ ಮೊದಲ ಪುಟವನ್ನು ಮಳೆಗೆ ಬಿಟ್ಟುಕೊಟ್ಟಿದ್ದರು. ಧರ್ಮ ಧರ್ಮದ ನಡುವೆ ಗೋಡೆ ಕಟ್ಟುವವರಿಗೆ ಈ ಒಂದು ಪಂಚಾಂಗ ತೋರಿಸಿದರೆ ಸಾಕು.

ಆ ತಿಳುವಳಿಕೆ ನೆಲದ ಮೇಲೂ ಇತ್ತು. ಖಾಡಿ ದಡದ ಆಗ್ರಿ ಜನ ಉಪ್ಪಿನ ಆಗರ ಮಾಡಿದರು, ಒಡ್ಡು ಕಟ್ಟಿ ಬತ್ತ ಬೆಳೆದರು. ಭರತದ ನೀರು ಎಲ್ಲಿಯವರೆಗೆ ಬರುತ್ತೆ ಅಂತ ಅವರಿಗೆ ಗೊತ್ತಿತ್ತು. ಆ ನೀರಿನ ಜಾಗವನ್ನು ಅವರು ನೀರಿಗೇ ಬಿಟ್ಟಿದ್ದರು.

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕ ರೈಲು ಬೋರಿಬಂದರಿನಿಂದ ಥಾಣೆಗೆ ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ಹಳಿಯ ಹಿಂದೆ ಜನ ಬಂದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ ನವಿ ಮುಂಬೈ ಎದ್ದಿತು. ಅಲ್ಲಿಯ ಎಷ್ಟೋ ನೆಲ ಭರತದ ಮಟ್ಟಕ್ಕಿಂತ ತಗ್ಗು ಅಂತ ಎಂಜಿನಿಯರುಗಳಿಗೆ ಗೊತ್ತಿತ್ತು, ಅದಕ್ಕೇ ಡಚ್ಚರ ಮಾದರಿಯಲ್ಲಿ ಮಳೆನೀರು ಹಿಡಿದಿಡುವ ಕೆರೆಗಳನ್ನು ಮಾಡಿದರು. ಭರತ ಬಂದಾಗ ಬಾಗಿಲು ಮುಚ್ಚಿಕೊಳ್ಳುತ್ತೆ, ಊರಿನ ನೀರು ಕೆರೆಯಲ್ಲಿ ಕಾಯುತ್ತೆ, ಇಳಿತದಲ್ಲಿ ಹೊರಗೆ ಹೋಗುತ್ತೆ. ಒಳ್ಳೆಯ ಯೋಜನೆ. ಆದರೆ ಮುಂದೆ ಆ ಕೆರೆಗಳಲ್ಲಿ ಹೂಳು ತುಂಬಿತು. ಉಳಿದ ಕಡೆ ತಗ್ಗುಗಳನ್ನು ಮಣ್ಣು ಹಾಕಿ ಮುಚ್ಚಿ ಇಮಾರತು ಎಬ್ಬಿಸಿದರು.

2005ರ ಜುಲೈ 26 ಬಂತು. ಸಾಂತಾಕ್ರೂಜಿನಲ್ಲಿ 24 ತಾಸಿನಲ್ಲಿ 944 ಮಿ.ಮೀ. ಮಳೆ! ನಮ್ಮ ಕಲಬುರಗಿಗೆ ವರ್ಷವಿಡೀ ಬೀಳುವುದಕ್ಕಿಂತ ಹೆಚ್ಚು. ಅದೇ ದಿನ ಕೊಲಾಬಾದಲ್ಲಿ ಬಿದ್ದದ್ದು ಬರೀ 73 ಮಿ.ಮೀ. ಕಲ್ಯಾಣ, ಡೊಂಬಿವಲಿ, ಬದಲಾಪುರಕ್ಕೆ ಉಲ್ಹಾಸ್ ನುಗ್ಗಿತು. 2019ರ ಜುಲೈ 27ರಂದು ಮುಂಬೈಯಿಂದ ಕೊಲ್ಹಾಪುರಕ್ಕೆ ಹೊರಟ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಬದಲಾಪುರ–ವಾಂಗಣಿ ನಡುವೆ ಅದೇ ನದಿಯ ನೀರಿನಲ್ಲಿ ನಿಂತುಬಿಟ್ಟಿತು. ಸಾವಿರಕ್ಕೂ ಹೆಚ್ಚು ಜನರನ್ನು ದೋಣಿಗಳಲ್ಲಿ ಹೊರತಂದರು.

ಮಳೆಯ ಕಥೆ ಇದಾದರೆ ಸೆಕೆಯದು ಇನ್ನೊಂದು. 2023ರ ಏಪ್ರಿಲ್ 16ರಂದು, ಆ ಮೊದಲ ರೈಲು ಓಡಿ ಸರಿಯಾಗಿ 170 ವರ್ಷವಾದ ದಿನ, ನವಿ ಮುಂಬೈಯ ಖಾರ್‌ಘರಿನಲ್ಲಿ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭ ನಡೆಯಿತು. ಬಯಲಲ್ಲಿ ಲಕ್ಷಾಂತರ ಜನ, ತಾಸುಗಟ್ಟಲೆ ಬಿಸಿಲು. ಹತ್ತಿರದ ಕೇಂದ್ರದಲ್ಲಿ ದಾಖಲಾದದ್ದು ಸುಮಾರು 38 ಡಿಗ್ರಿ. 14 ಜನ ಸತ್ತರು. ನಮ್ಮೂರಲ್ಲಿ 38 ಅಂದರೆ 'ಇವತ್ತು ಪರವಾಗಿಲ್ಲ' ಅಂತೀವಿ. ಅಲ್ಲಿ ಅದೇ ಅಂಕಿ ಜೀವ ತೆಗೆಯಿತು.

ಇದನ್ನೆಲ್ಲ ನಾನು ಬರೆಯುವುದು ಯಾಕೆಂದರೆ, ಕಲಬುರಗಿ, ಯಾದಗಿರಿ, ವಿಜಯಪುರದ ಹುಡುಗರು ಇವತ್ತಿಗೂ ಕೆಲಸ ಹುಡುಕಿಕೊಂಡು ಆ ಊರುಗಳಿಗೆ ಹೋಗುತ್ತಾರೆ. ಸ್ಲ್ಯಾಬ್ ಹಾಕುವವರು, ಹಮಾಲಿ ಮಾಡುವವರು, ತಗಡಿನ ಖೋಲಿಯಲ್ಲಿ ಮಲಗುವವರು ಅವರೇ. "ನಾವು ಬಿಸಿಲಿನವರು, ನಮಗೇನಾಗುತ್ತೆ" ಅಂತ ಧೈರ್ಯದಿಂದ ನಿಲ್ಲುತ್ತಾರೆ. ಬಿಸಿಲು ಬೇರೆ, ಉಮಸ್ ಬೇರೆ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಬಾಡಿಗೆ ಕಡಿಮೆ ಅಂತ ಹಿಡಿದ ಖೋಲಿ ಹಳೆಯ ಖಾಡಿಯ ದಾರಿಯಲ್ಲಿದೆಯೇ ಅಂತ ಅವರು ಕೇಳಿರುವುದೂ ಇಲ್ಲ.

2025ರಲ್ಲಿ ಮುಂಗಾರು ಮುಂಬೈಗೆ ಮೇ 26ರಂದೇ ಬಂತು. ವಾಡಿಕೆಯ ದಿನ ಜೂನ್ 11. ದಾಖಲೆಯಲ್ಲೇ ಇಷ್ಟು ಬೇಗ ಎಂದೂ ಬಂದಿರಲಿಲ್ಲ. ಮೃಗಶಿರಕ್ಕೂ ಕಾಯದ ಮಳೆ ಅದು. ಗೊತ್ತುಪಡಿಸಿದ ಹೊತ್ತೇ ಜಾರುತ್ತಿರುವಾಗ ಹೊತ್ತನ್ನು ನೋಡುವ ಕಣ್ಣು ಇನ್ನಷ್ಟು ಚುರುಕಾಗಿರಬೇಕು. ನಾನು ಈಗ ಮುಂಬೈ ಕಡೆ ಹೊರಟ ಹಳೇ ವಿದ್ಯಾರ್ಥಿಗಳಿಗೆ ಎರಡೇ ಮಾತು ಹೇಳಿ ಕಳಿಸುತ್ತೇನೆ: ಬೆವರು ಆರದಿದ್ದರೆ ಕೆಲಸ ಬಿಟ್ಟು ನೆರಳಿಗೆ ಬಾ, ನೀರು ಕುಡಿ. ಖೋಲಿ ಹಿಡಿಯುವ ಮುಂಚೆ 2005ರಲ್ಲಿ ಇಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಅಂತ ಅಕ್ಕಪಕ್ಕದ ಹಿರಿಯರನ್ನು ಕೇಳು.