ಲೋಕಾಯುಕ್ತದ ಹಲ್ಲು ಕಿತ್ತ ಆರು ವರ್ಷ

ಹಿರೇನಲ್ಲೂರು ಹೋಬಳಿಯಲ್ಲಿ ಪೋಡಿ, ಖಾತೆ ಬದಲಾವಣೆ, ಪಹಣಿ ತಿದ್ದುಪಡಿಗೆ ಅಲೆದವರಿಗೆ ಒಂದು ಮಾತು ಬಾಯಿಪಾಠ: ‘ದುಡ್ಡು ಕೇಳಿದ್ರೆ ಲೋಕಾಯುಕ್ತಕ್ಕೆ ಹಿಡ್ಕೊಡ್ತೀನಿ.’ ಆದರೆ 2016ರಿಂದ 2022ರವರೆಗೆ ಲಂಚಕೋರರನ್ನು ಹಿಡಿಯುವ ಅಧಿಕಾರವೇ ಲೋಕಾಯುಕ್ತಕ್ಕೆ ಇರಲಿಲ್ಲ. ಆ ಕಥೆ ನಮಗೆಲ್ಲ ಗೊತ್ತಿರಬೇಕು.

ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂತು. 1986ರಲ್ಲಿ ಸಂಸ್ಥೆ ಕೆಲಸ ಶುರು ಮಾಡಿತು. ಬೇರೆ ಹಲವು ರಾಜ್ಯಗಳಲ್ಲಿ ಲೋಕಾಯುಕ್ತ ಎಂದರೆ ವರದಿ ಬರೆದು ಕೊಡುವ ಕಚೇರಿ ಅಷ್ಟೇ. ನಮ್ಮಲ್ಲಿ ಅದಕ್ಕೆ ಪೊಲೀಸ್ ವಿಭಾಗವೂ ಇತ್ತು. ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚಿ, ಪಂಚರನ್ನು ಕರೆದುಕೊಂಡು ಹೋಗಿ, ಲಂಚ ಮುಟ್ಟಿದ ಕೈಯನ್ನು ಸೋಡದ ನೀರಿನಲ್ಲಿ ಅದ್ದಿಸಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಜನರಿಗೆ ಲೋಕಾಯುಕ್ತ ಎಂದರೆ ಆ ಗುಲಾಬಿ ನೀರೇ.

2001ರಲ್ಲಿ ಬಂದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರ ಕಾಲದ ದಾಳಿಗಳು ಲೋಕಾಯುಕ್ತದ ಹೆಸರನ್ನು ಹಳ್ಳಿಹಳ್ಳಿಗೂ ಮುಟ್ಟಿಸಿದವು. ನಂತರ ಬಂದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ನಾಲ್ಕೇ ದಿನಕ್ಕೆ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಡಬೇಕಾಯಿತು.

ಆಮೇಲೆ ಇಳಿಮುಖ. 2011ರ ಸೆಪ್ಟೆಂಬರ್‌ನಿಂದ 2013ರ ಫೆಬ್ರುವರಿವರೆಗೆ ಲೋಕಾಯುಕ್ತರ ಕುರ್ಚಿಯೇ ಖಾಲಿ. 2015ರಲ್ಲಿ ಲೋಕಾಯುಕ್ತ ಕಚೇರಿಯ ಹೆಸರಲ್ಲೇ ಲಂಚ ಕೇಳುತ್ತಿದ್ದಾರೆ ಎಂಬ ದೂರು ಹೊರಬಿತ್ತು. ಆಗ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ವೈ. ಭಾಸ್ಕರ್ ರಾವ್ ಡಿಸೆಂಬರ್‌ನಲ್ಲಿ ಹುದ್ದೆ ಬಿಟ್ಟರು. ಬೇಲಿಯೇ ಹೊಲ ಮೇಯ್ದಂತಾಯಿತು.

ಬೇಲಿ ಸರಿಮಾಡುವ ಬದಲು ಸರ್ಕಾರ ಬೇಲಿಯನ್ನೇ ಕಿತ್ತಿತು. 2016ರ ಮಾರ್ಚ್ 14ರ ಆದೇಶದಲ್ಲಿ ಭ್ರಷ್ಟಾಚಾರ ನಿಗ್ರಹ ದಳ, ಅಂದರೆ ಎಸಿಬಿ, ಹುಟ್ಟಿತು. ಲೋಕಾಯುಕ್ತ ಪೊಲೀಸರು ಲಂಚದ ಕೇಸು ದಾಖಲಿಸುವ ಅಧಿಕಾರ ಹೋಯಿತು. ಕಾಯ್ದೆ ರದ್ದಾಗಲಿಲ್ಲ, ಕಚೇರಿ ಮುಚ್ಚಲಿಲ್ಲ, ಬೋರ್ಡು ಹಾಗೇ ಇತ್ತು. ಹಲ್ಲು ಮಾತ್ರ ಇರಲಿಲ್ಲ. ಹೊಸ ದಳ ಮುಖ್ಯಮಂತ್ರಿಯ ಅಧೀನದಲ್ಲಿತ್ತು. ಆಳುವವರ ಮೇಲೆ ಕಣ್ಣಿಡಬೇಕಾದವರು ಆಳುವವರ ಕೈಕೆಳಗೇ ಸೇರಿದರು.

ಇದು ಒಂದೇ ಪಕ್ಷದ ತಪ್ಪಲ್ಲ. ಎಸಿಬಿ ಹುಟ್ಟಿಸಿದ್ದು ಕಾಂಗ್ರೆಸ್ ಸರ್ಕಾರ. 2018ರಲ್ಲಿ ಜೆಡಿಎಸ್–ಕಾಂಗ್ರೆಸ್ ಮೈತ್ರಿ ಬಂತು, 2019ರಲ್ಲಿ ಬಿಜೆಪಿ ಬಂತು. ವಿರೋಧ ಪಕ್ಷದಲ್ಲಿದ್ದಾಗ ಎಸಿಬಿಯನ್ನು ಬೈದವರೂ ಕುರ್ಚಿಗೆ ಬಂದ ಮೇಲೆ ಅದನ್ನು ಮುಟ್ಟಲಿಲ್ಲ.

ಜೀವ ಕೊಟ್ಟದ್ದು ಕೋರ್ಟು. ವಕೀಲರು, ಸಂಘಟನೆಗಳು ಹಾಕಿದ್ದ ಅರ್ಜಿಗಳ ಮೇಲೆ 2022ರ ಆಗಸ್ಟ್ 11ರಂದು ನ್ಯಾಯಮೂರ್ತಿ ಬಿ. ವೀರಪ್ಪ ಮತ್ತು ಕೆ.ಎಸ್. ಹೇಮಲೇಖಾ ಅವರ ಹೈಕೋರ್ಟ್ ಪೀಠ ಎಸಿಬಿ ಆದೇಶವನ್ನು ರದ್ದು ಮಾಡಿತು. ಬಾಕಿ ಕೇಸುಗಳೆಲ್ಲ ಲೋಕಾಯುಕ್ತ ಪೊಲೀಸರ ಕೈಗೆ ಬಂದವು.

ಆದ್ದರಿಂದ ಕಚೇರಿ ತೆರೆದಿದೆಯೇ ಎಂದು ಕೇಳಿದರೆ ಸಾಲದು. ಲೋಕಾಯುಕ್ತರ ಕುರ್ಚಿ ತುಂಬಿದೆಯೇ, ಪೊಲೀಸರು ಇದ್ದಾರೆಯೇ, ಸಿಕ್ಕಿಬಿದ್ದ ನೌಕರರ ಮೇಲೆ ಕೋರ್ಟಿನಲ್ಲಿ ಕೇಸು ನಡೆಸಲು ಸರ್ಕಾರ ಒಪ್ಪಿಗೆ ಕೊಡುತ್ತಿದೆಯೇ? ನಮ್ಮ ಮನೆ ಬಾಗಿಲಿಗೆ ವೋಟು ಕೇಳಲು ಬಂದವರನ್ನು ಈ ಮೂರು ಪ್ರಶ್ನೆ ಕೇಳಬಹುದು.

ಇನ್ನೊಂದು ನೆನಪಿರಲಿ. 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ತಿಳಿಸಬೇಕು. ಕೊಡುವ ಮುಂಚೆಯೇ ಚಿಕ್ಕಮಗಳೂರಿನ ಲೋಕಾಯುಕ್ತ ಪೊಲೀಸರಿಗೆ ತಿಳಿಸಿದರೆ ಇನ್ನೂ ಒಳ್ಳೆಯದು.