ಹಿತ್ತಲಿನ ನೊಣಕ್ಕೊಂದು ಹೆಸರು



ಕೊಪ್ಪಳದಿಂದ ಹೊಸಪೇಟೆಯ ಕಡೆಗೆ ಹೊರಟರೆ ಸಿಗುವ ಗಿಣಿಗೇರಾದಂಥ ಊರಿನಲ್ಲಿ, ಮನೆಯ ಹಿತ್ತಲಲ್ಲಿ ಒಂದು ಪೇರಲ ಗಿಡ, ಹೂಬಿಟ್ಟ ನಾಲ್ಕು ಕೊತ್ತಂಬರಿ ಸಸಿಗಳಿದ್ದರೆ ಸಾಕು. ಒಂದೇ ಮುಂಜಾನೆ ಹಲವು ಬಗೆಯ ನೊಣಗಳ ಛಾಯಾಚಿತ್ರ ತೆಗೆಯಬಹುದು. ಆ ಚಿತ್ರಕ್ಕೆ ಸರಿಯಾದ ಹೆಸರು ಬರೆಯುವ ವಿದ್ಯೆಗೆ ಮಾತ್ರ ಎರಡೂವರೆ ಶತಮಾನಗಳ ಇತಿಹಾಸವಿದೆ.

ಮೊದಲು ಅದು ನೊಣವೇ ಎಂದು ನೋಡಬೇಕು. ಜೇನುಹುಳುವಿಗೆ ನಾಲ್ಕು ರೆಕ್ಕೆ, ನೊಣಕ್ಕೆ ಎರಡೇ. ಹಿಂದಿನ ಜೋಡಿ ಕುಗ್ಗಿ ಗುಂಡುಸೂಜಿಯಂಥ ಎರಡು ಕಡ್ಡಿಗಳಾಗಿವೆ. ಹಾರುವಾಗ ಸಮತೋಲ ಕಾಯುವುದು ಅವುಗಳ ಕೆಲಸ. 'ಎರಡು ರೆಕ್ಕೆಯವು' ಎಂಬರ್ಥದ ಡಿಪ್ಟೆರಾ ಗುಂಪಿನಲ್ಲಿ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ಮನೆನೊಣಕ್ಕೆ ಮಸ್ಕಾ ಡೊಮೆಸ್ಟಿಕಾ ಎಂದು ಹೆಸರಿಟ್ಟರು. ಅವರ ಶಿಷ್ಯ ಫ್ಯಾಬ್ರಿಷಿಯಸ್, ತಮಿಳುನಾಡಿನ ತರಂಗಂಬಾಡಿಯಲ್ಲಿದ್ದ ಡೇನರ ನೆಲೆಯಿಂದ ಹೋದ ಕೀಟಗಳನ್ನು ಯುರೋಪಿನಲ್ಲಿ ಕುಳಿತು ವರ್ಣಿಸಿದರು.

ಕೊತ್ತಂಬರಿ ಹೂವಿನ ಮುಂದೆ ಗಾಳಿಯಲ್ಲೇ ನಿಂತಂತೆ ತೋರುವ ಹಳದಿ ಪಟ್ಟೆಯ ಹುಳುವನ್ನು ಬಹುಮಂದಿ ಜೇನೆಂದೇ ತಿಳಿಯುತ್ತಾರೆ. ಅದು ಸಿರ್ಫಿಡ್ ನೊಣ. ರೆಕ್ಕೆಯ ನಡುವೆ ಯಾವ ನರಕ್ಕೂ ಕೂಡದೆ ನಿಲ್ಲುವ ಒಂದು ಸುಳ್ಳು ನರ ಇದರ ಗುರುತು. ಇದರ ಎಷ್ಟೋ ಜಾತಿಗಳ ಮರಿಹುಳುಗಳು ಸಸ್ಯಹೇನುಗಳನ್ನು ತಿಂದು ಬೆಳೆಯುತ್ತವೆ. ಭಾರತದ ಈ ನೊಣಗಳನ್ನು 1923ರ ಗ್ರಂಥವೊಂದರಲ್ಲಿ ವಿಂಗಡಿಸಿಕೊಟ್ಟವರು ಎನ್ರಿಕೊ ಬ್ರುನೆಟ್ಟಿ. ಅವರು ವೃತ್ತಿಯಿಂದ ಸಂಗೀತಗಾರರು! ಕಲ್ಕತ್ತೆಯಲ್ಲಿ ನೆಲೆಸಿ ನೊಣಗಳನ್ನು ಅಭ್ಯಾಸ ಮಾಡಿದರು. ಕೊಪ್ಪಳ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು.

ಪೇರಲ ಹಣ್ಣಿನ ಮೇಲೆ ಕೂತು ಸಿಪ್ಪೆ ಚುಚ್ಚಿ ಮೊಟ್ಟೆಯಿಡುವುದು ಹಣ್ಣಿನ ನೊಣ. ಮಾವಿಗೂ ಇದು ಶತ್ರು. ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್ ಎಂಬ ಜಾತಿಯನ್ನು 1912ರಲ್ಲಿ ಹೆಂಡೆಲ್ ಎಂಬವರು ತೈವಾನಿನ ನೊಣಗಳಿಂದ ವರ್ಣಿಸಿದ್ದರು. 2003ರಲ್ಲಿ ಕೀನ್ಯಾದಲ್ಲಿ ಇಂಥದೇ ನೊಣ ಕಾಣಿಸಿತು. 2005ರಲ್ಲಿ ಅದನ್ನು ಬೇರೆ ಜಾತಿಯೆಂದು ಬಗೆದು ಹೊಸ ಹೆಸರು ಕೊಡಲಾಯಿತು. ರೂಪ, ವಂಶವಾಹಿ, ಕೂಡುವಿಕೆ ಎಲ್ಲವನ್ನೂ ಹೋಲಿಸಿದ ಮೇಲೆ 2015ರಲ್ಲಿ ಎರಡೂ ಒಂದೇ ಎಂದು ತೀರ್ಮಾನವಾಯಿತು. ಹಣ್ಣು ರಫ್ತಿನ ನಿರ್ಬಂಧಗಳು ಕೀಟದ ಹೆಸರಿನ ಮೇಲೆ ನಿಂತಿರುವುದರಿಂದ ಇದು ಪಂಡಿತರ ಜಗಳವಷ್ಟೇ ಆಗಿರಲಿಲ್ಲ.

ನಮ್ಮ ರಾಜ್ಯಕ್ಕೆ ಇನ್ನೂ ಹತ್ತಿರದ ಪಾಠ ಊಜಿ ನೊಣದ್ದು. ಬಂಗಾಳದ ರೇಷ್ಮೆಗೆ ಕಾಟವಾಗಿದ್ದ ಈ ನೊಣ 1980ರಲ್ಲಿ, ಅಲ್ಲಿಂದ ತಂದ ಗೂಡುಗಳ ಜೊತೆ ಕರ್ನಾಟಕಕ್ಕೆ ಬಂತು. ರೇಷ್ಮೆಹುಳುವಿನ ಮೈಮೇಲೆ ಇದು ಮೊಟ್ಟೆಯಿಡುತ್ತದೆ, ಮರಿ ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ, ಹುಳು ಸಾಯುತ್ತದೆ. ಬೆಳೆಗಾರರು ಸಾಕಣೆ ಮನೆಯ ಕಿಟಕಿಗಳಿಗೆ ಬಲೆ ಕಟ್ಟಬೇಕಾಯಿತು. ಊಜಿಯ ಬೆನ್ನ ಮೇಲೆ ನಾಲ್ಕು ಕಪ್ಪು ಗೆರೆ; ಮನೆನೊಣದ ಬೆನ್ನ ಮೇಲೂ ನಾಲ್ಕು! ಮಸುಕಾದ ಚಿತ್ರದಲ್ಲಿ ವ್ಯತ್ಯಾಸ ತಿಳಿಯದು. ಗಾತ್ರ, ಹೊಟ್ಟೆಯ ಮೇಲಿನ ಗಡಸು ಕೂದಲು, ರೆಕ್ಕೆಯ ನರಗಳನ್ನು ಕಂಡರೆ ತಿಳಿಯುತ್ತದೆ. ಊಜಿಯ ಕುಟುಂಬವಾದ ಟ್ಯಾಕಿನಿಡೆಯ ಬಹಳಷ್ಟು ನೊಣಗಳು ಬೆಳೆ ತಿನ್ನುವ ಕಂಬಳಿಹುಳುಗಳನ್ನು ಕೊಲ್ಲುತ್ತವೆ. ರೇಷ್ಮೆಯವನ ವೈರಿಯ ದಾಯಾದಿಗಳೇ ಹೊಲದವನ ನೆಂಟರು. ಗುರುತು ಹಿಡಿಯದೆ ಔಷಧ ಹೊಡೆದರೆ ಇಂಥ ನೆಂಟರೇ ಮೊದಲು ಸಾಯಬಹುದು.

ಆದ್ದರಿಂದ ನೀವು ಚಿತ್ರ ತೆಗೆಯುವಾಗ ಒಂದೇ ನೊಣವನ್ನು ಮೇಲಿನಿಂದ, ಪಕ್ಕದಿಂದ, ಮುಖದ ಕಡೆಯಿಂದ ತೆಗೆಯಿರಿ. ರೆಕ್ಕೆಯ ನರಗಳು ಸ್ಪಷ್ಟವಾಗಿರಲಿ. ತಾರೀಖು, ಊರು, ಅದು ಕೂತಿದ್ದ ಗಿಡದ ಹೆಸರು ಬರೆದಿಡಿ. ಚಿತ್ರದಿಂದ ಕುಟುಂಬವಷ್ಟೇ ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ. ಜಾತಿಯ ಹೆಸರನ್ನು ಊಹಿಸಿ ಬರೆಯಬೇಡಿ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ತಜ್ಞರೂ ಅನೇಕ ಸಲ ನೊಣವನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಮೇಲಷ್ಟೇ ಹೆಸರು ಹೇಳುತ್ತಾರೆ.